ಅನಾಥಾಲಯದ ದೆವ್ವದ ಕಾದಂಬರಿ ಬರೀತಿದೀನಿ, 70 ಪುಟ ಆದ್ಮೇಲೆ ಭಯಾನೇ ಹೊರಟುಹೋಗಿದೆ

ಮಸಿಬೆರಳು:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಹಾರರ್ ಕಾದಂಬರಿ ಹಿಡ್ಕೊಂಡು ಕೂತಿದೀನಿ, ಈಗ ಪೂರ್ತಿ ಸಿಕ್ಕಾಕ್ಕೊಂಡಿದೀನಿ, ದಯವಿಟ್ಟು ಓದಿ ಹೇಳಿ.

ಕಥೆ ಇಷ್ಟು. ಬೆಟ್ಟದ ಮೇಲೆ ಒಂದು ಹಳೇ ಅನಾಥಾಲಯ, ಕೆಳಗಿನ ಊರಿಗೆ ಒಂದೇ ಸೇತುವೆ, ಮಳೆಗಾಲದಲ್ಲಿ ಅದೂ ಮುಳುಗುತ್ತೆ. ಒಳಗೆ 31 ಮಕ್ಕಳು. ರಾತ್ರಿ ಪಾಳಿಗೆ ಅಂತ ಹೊಸದಾಗಿ ಒಬ್ಬ ವಾರ್ಡನ್ ಬರ್ತಾಳೆ. ಅವಳ ಕೆಲ್ಸ ರಾತ್ರಿ ಹತ್ತಕ್ಕೆ ಲೈಟ್ ಆರಿಸಿ ಮಕ್ಕಳನ್ನ ಎಣಿಸೋದು. ಮೊದಲ ರಾತ್ರಿ ಎಣಿಸ್ತಾಳೆ, 32 ಬರುತ್ತೆ. ಮತ್ತೆ ಎಣಿಸ್ತಾಳೆ, 31. ಅಲ್ಲಿಂದ ಶುರು.

ಮೊದಲ 20 ಪುಟ ಓದಿದವರೆಲ್ಲ ಚೆನ್ನಾಗಿದೆ ಅಂದ್ರು. ಆಮೇಲೆ ನಾನು ಒಂದೊಂದೇ ಸೇರಿಸ್ತಾ ಹೋದೆ, ಬಾಗಿಲು ತಾನಾಗೇ ಹಾಕ್ಕೊಳ್ಳೋದು, ಗೋಡೆ ಮೇಲೆ ಕೈ ಗುರುತು, ಕಾರಿಡಾರ್‌ನಲ್ಲಿ ಮಗು ಅಳೋ ಶಬ್ದ, ಬಾವಿ, ಬಾವಿಯಿಂದ ಕೂದಲು, ಹಳೇ ಮುಖ್ಯಸ್ಥ ಹಿಂದೆ ಮಕ್ಕಳನ್ನ ಕೊಂದಿದ್ದ ಅನ್ನೋ ರಹಸ್ಯ, ಎಲ್ಲಾ ಇದೆ. ಆದ್ರೆ 70ನೇ ಪುಟಕ್ಕೆ ಬರೋಷ್ಟರಲ್ಲಿ ನನಗೇ ಹೆದರಿಕೆ ಆಗ್ತಿಲ್ಲ. ಬರೆಯೋನಿಗೇ ಹೆದರಿಕೆ ಇಲ್ಲ ಅಂದ್ರೆ ಓದೋರಿಗೆ ಎಲ್ಲಿಂದ ಬರ್ಬೇಕು. ಎಲ್ಲಿ ತಪ್ತಾ ಇದೀನಿ?

ಹಾಳೆಹುಳು:
ನೀವು ಕೊಟ್ಟ ಪಟ್ಟೀಲೇ ಉತ್ತರ ಇದೆ ಅನ್ಸುತ್ತೆ. ಬಾಗಿಲು, ಕೈ ಗುರುತು, ಬಾವಿ, ಕೂದಲು, ಇವೆಲ್ಲ ಯಾವ ಹಳೇ ಕಟ್ಟಡಕ್ಕಾದ್ರೂ ಹೊಂದುತ್ತೆ. ಬಂಗಲೆಗೆ ಹಾಕಿ, ಆಸ್ಪತ್ರೆಗೆ ಹಾಕಿ, ಅದೇ ಕಥೆ. ಅನಾಥಾಲಯ ಯಾಕೆ ಬೇಕಾಗಿತ್ತು ನಿಮಗೆ? ಅದಕ್ಕೆ ಉತ್ತರ ಆ 70 ಪುಟದಲ್ಲಿಲ್ಲ. 32 ಅನ್ನೋ ಎಣಿಕೇಲಿ ಮಾತ್ರ ಇದೆ, ಅದಕ್ಕೇ ಅದೊಂದು ಹೆದರಿಸ್ತು.

ಇನ್ನೊಂದು ಮಾತು. ನಮ್ಮ ಕಾವ್ಯಮೀಮಾಂಸೇಲಿ ಭಯಾನಕ ರಸ ಬೇರೆ, ಬೀಭತ್ಸ ಬೇರೆ. ಒಂದಕ್ಕೆ ಸ್ಥಾಯಿ, ಅಂದ್ರೆ ಅಡಿಪಾಯದ ಭಾವ, ಭಯ, ಇನ್ನೊಂದಕ್ಕೆ ಜುಗುಪ್ಸೆ. ಬಾವಿಯಿಂದ ಕೂದಲು ಬರೋದು ಜುಗುಪ್ಸೆ, ಮುಖ ಕಿವುಚ್ಕೊಂಡು ಪುಟ ತಿರುಗಿಸ್ತೀವಿ, ಮುಗೀತು. ಎಣಿಕೆ ತಪ್ಪೋದು ಭಯ, ಪುಸ್ತಕ ಮುಚ್ಚಿಟ್ಟು ಮಲಗಿದ್ಮೇಲೂ ಅದು ತಲೇಲಿ ಓಡಾಡುತ್ತೆ. ಆದ್ರೆ ಅನಾಥಾಲಯದ ಕಥೆಗೆ ಈ ಎರಡೂ ಸಾಲಲ್ಲ, ಅಡೀಲಿ ಕರುಣ ಇರ್ಬೇಕು, ಶೋಕ ಇರ್ಬೇಕು. ಆ ಮಕ್ಕಳ ಬಗ್ಗೆ ನಮಗೆ ಸಂಕಟ ಆಗದಿದ್ರೆ ಅವ್ರಿಗೆ ಏನಾದ್ರೂ ಆಗುತ್ತೆ ಅನ್ನೋ ಭಯಾನೂ ಹುಟ್ಟಲ್ಲ. 70 ಪುಟದಲ್ಲಿ ಎಷ್ಟು ಮಕ್ಕಳಿಗೆ ಹೆಸರಿದೆ ಹೇಳಿ?

ಮಸಿಬೆರಳು:
ನಾಲ್ಕು. ಈಗ ಎಣಿಸಿ ನೋಡ್ದೆ, ನಾಲ್ಕೇ.

ನಡುರಾತ್ರಿ:
ಕಾರಿಡಾರ್‌ನಲ್ಲಿ ಮಗು ಅಳೋ ಶಬ್ದ ಅಂದ್ರಲ್ಲ, ಅದರ ಬಗ್ಗೆ ಹೇಳ್ಬೇಕು. ನಾನು ಮಕ್ಕಳ ಮನಶ್ಶಾಸ್ತ್ರ ಓದಿರೋದು, ಅದಕ್ಕೇ ಆ ಸಾಲು ಓದಿ ಅಲ್ಲೇ ನಿಂತ್ಕೊಂಡೆ.

ರುಮೇನಿಯಾದಲ್ಲಿ 1989ರಲ್ಲಿ ಸರ್ಕಾರ ಬಿದ್ಮೇಲೆ ಅಲ್ಲಿನ ಅನಾಥಾಲಯಗಳ ಸ್ಥಿತಿ ಹೊರಗಿನ ಪ್ರಪಂಚಕ್ಕೆ ಗೊತ್ತಾಯ್ತು. ಒಂದು ಲಕ್ಷಕ್ಕಿಂತ ಹೆಚ್ಚು ಮಕ್ಕಳು ಇಂಥ ಸಂಸ್ಥೆಗಳಲ್ಲಿದ್ರು. 2000ದಲ್ಲಿ ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನಲ್ಲಿ 136 ಪುಟ್ಟ ಮಕ್ಕಳನ್ನ ಇಟ್ಕೊಂಡು ಒಂದು ದೊಡ್ಡ ಅಧ್ಯಯನ ಶುರುವಾಯ್ತು, ಅರ್ಧ ಮಕ್ಕಳನ್ನ ಸಾಕು ಮನೆಗಳಿಗೆ ಕಳ್ಸಿ ವರ್ಷಗಟ್ಟಲೆ ಗಮನಿಸಿದ್ರು. ಆ ಕಟ್ಟಡಗಳ ಒಳಗೆ ಹೋದ ಸಂಶೋಧಕರಿಗೆ ಬಡಿದಿದ್ದು ಏನು ಗೊತ್ತಾ, ಶಬ್ದ ಅಲ್ಲ, ಶಬ್ದ ಇಲ್ಲದೇ ಇರೋದು. ಕೋಣೆ ತುಂಬ ತೊಟ್ಟಿಲು, ತೊಟ್ಟಿಲು ತುಂಬ ಮಕ್ಕಳು, ಒಂದೂ ಅಳ್ತಿರಲಿಲ್ಲ. ಅತ್ರೂ ಯಾರೂ ಬರಲ್ಲ ಅಂತ ಅವು ಕಲ್ತುಬಿಟ್ಟಿದ್ವು.

ಇದಕ್ಕೂ ಮುಂಚೆ 1945ರಲ್ಲಿ ರೆನೆ ಸ್ಪಿಟ್ಜ್ ಅನ್ನೋ ವೈದ್ಯ ಒಂದು ಅಧ್ಯಯನ ಬರೆದಿದ್ರು. ಅವ್ರು ನೋಡಿದ ಅನಾಥಾಲಯ ತುಂಬಾ ಶುಚಿಯಾಗಿತ್ತು, ಊಟ ಔಷಧಿ ಎಲ್ಲಾ ಸರಿ ಇತ್ತು. ಆದ್ರೆ ತೊಟ್ಟಿಲ ಸುತ್ತ ಬಟ್ಟೆ ಇಳಿಬಿಟ್ಟಿದ್ರಿಂದ ಮಗೂಗೆ ಕಾಣ್ತಿದ್ದಿದ್ದು ಮೇಲಿನ ಚಾವಣಿ ಒಂದೇ. 91 ಮಕ್ಕಳಲ್ಲಿ 34 ಮಕ್ಕಳು ಎರಡು ವರ್ಷದೊಳಗೆ ತೀರಿಹೋದ್ರು. ಅದೇ ಹೊತ್ತಲ್ಲಿ ಅವ್ರು ಒಂದು ಜೈಲಿನ ಶಿಶುವಿಹಾರಾನೂ ನೋಡಿದ್ರು, ಅಲ್ಲಿ ಕೈದಿ ತಾಯಂದಿರೇ ತಮ್ಮ ಮಕ್ಕಳನ್ನ ನೋಡ್ಕೋತಿದ್ರು, ಅಲ್ಲಿ ಒಂದು ಮಗೂನೂ ಸಾಯಲಿಲ್ಲ.

ಹಾಗಾಗಿ ನಿಮ್ಮ ಕಾರಿಡಾರ್‌ನಲ್ಲಿ ಮಗು ಅತ್ರೆ ಅದು ಸಮಾಧಾನದ ವಿಷಯ. ಅಳೋ ಮಗೂಗೆ ಯಾರೋ ಬರ್ತಾರೆ ಅನ್ನೋ ನಂಬಿಕೆ ಇನ್ನೂ ಇದೆ. ವಾರ್ಡನ್ ಮೊದಲ ರಾತ್ರಿ ಬಾಗಿಲು ತೆಗ್ದಾಗ 31 ಮಕ್ಕಳು ಕಣ್ಣು ಬಿಟ್ಕೊಂಡು ಚಾವಣಿ ನೋಡ್ತಾ ಮಲಗಿರ್ಲಿ, ಒಂದು ಉಸಿರೂ ಕೇಳದ ಹಾಗೆ. ಇನ್ನೇನೂ ಬೇಡ ಆ ಅಧ್ಯಾಯಕ್ಕೆ.

ಮಸಿಬೆರಳು:
ಇದನ್ನ ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಕ್ಕಾಗ್ಲಿಲ್ಲ. ಅಳೋ ಶಬ್ದ ತೆಗೀತೀನಿ.

ಗೋಡೆಗಡಿಯಾರ:
ಇತಿಹಾಸದ ಕಡೆಯಿಂದ ನಂದೊಂದಿಷ್ಟು. ಮುಖ್ಯಸ್ಥ ಮಕ್ಕಳನ್ನ ಕೊಂದಿದ್ದ ಅನ್ನೋ ರಹಸ್ಯ ದಯವಿಟ್ಟು ಬಿಡಿ, ಒಬ್ಬ ಕೆಟ್ಟವನ ಮೇಲೆ ಎಲ್ಲಾ ಹೊರಿಸಿಬಿಟ್ರೆ ಉಳಿದ ವ್ಯವಸ್ಥೆ ಒಳ್ಳೇದು ಅಂದ ಹಾಗಾಗುತ್ತೆ. ನಿಜವಾದ ದಾಖಲೆಗಳಲ್ಲಿ ಕೆಟ್ಟವನು ಬೇಕಾಗೇ ಇಲ್ಲ.

ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ತಗೊಳ್ಳಿ, ಹೆಸರಿಗೆ ಹಾಸ್ಪಿಟಲ್, ಇದ್ದಿದ್ದು ಬಿಟ್ಟುಹೋದ ಮಕ್ಕಳನ್ನ ಸಾಕೋ ಆಶ್ರಯ. ಥಾಮಸ್ ಕೋರಮ್ ಅನ್ನೋ ಹಡಗಿನ ಕ್ಯಾಪ್ಟನ್ ಬೀದೀಲಿ ಸಾಯೋ ಮಕ್ಕಳನ್ನ ನೋಡಕ್ಕಾಗದೆ ವರ್ಷಗಟ್ಟಲೆ ಅಲೆದು 1739ರಲ್ಲಿ ರಾಜಾಜ್ಞೆ ತಂದು ಕಟ್ಟಿಸಿದ್ದು, ಒಳ್ಳೇ ಮನಸ್ಸಿಂದಾನೇ. 1741ರಲ್ಲಿ ಬಾಗಿಲು ತೆರೀತು. ಬರೋರು ಜಾಸ್ತಿ, ಜಾಗ ಕಮ್ಮಿ. ಅದಕ್ಕೆ ಲಾಟರಿ ಮಾಡಿದ್ರು. ತಾಯಿ ಒಂದು ಚೀಲದೊಳಗೆ ಕೈ ಹಾಕಿ ಚೆಂಡು ತೆಗೀಬೇಕು. ಬಿಳಿ ಬಂದ್ರೆ ಮಗೂಗೆ ಜಾಗ, ಕೆಂಪು ಬಂದ್ರೆ ಕಾಯ್ಬೇಕು, ಕಪ್ಪು ಬಂದ್ರೆ ಮಗೂನ ಎತ್ಕೊಂಡು ವಾಪಸ್. ಒಂದ್ಸಲ ಆ ಚೀಲದೊಳಗೆ ಕೈ ಹಾಕಿದ ಹಾಗೆ ಊಹಿಸ್ಕೊಳ್ಳಿ.

ಒಳಗೆ ತಗೊಂಡ ಮಗೂಗೆ ಹೊಸ ಹೆಸರಿಡ್ತಿದ್ರು, ಹಳೇ ಹೆಸರು ಅಲ್ಲಿಗೆ ಮುಗೀತು. ತಾಯಿ ಮುಂದೆ ಯಾವತ್ತಾದ್ರೂ ಬಂದ್ರೆ ಗುರುತಿಗೆ ಇರ್ಲಿ ಅಂತ ಒಂದು ಚೂರು ಬಟ್ಟೆ, ಒಂದು ರಿಬ್ಬನ್, ತೂತು ಮಾಡಿದ ನಾಣ್ಯ ಏನಾದ್ರೂ ಬಿಟ್ಟುಹೋಗ್ತಿದ್ಲು, ಅದನ್ನ ದಾಖಲೆ ಹಾಳೆಗೆ ಪಿನ್ ಮಾಡಿ ಮಡಿಸಿ ಇಡ್ತಿದ್ರು. 1741ರಿಂದ 1760ರವರೆಗೆ ಒಳಗೆ ಬಂದ ಮಕ್ಕಳು 16,282. ತಾಯಿ ವಾಪಸ್ ಬಂದು ಕರ್ಕೊಂಡುಹೋಗಿದ್ದು 152. ಆ ಬಟ್ಟೆ ಚೂರುಗಳು ಸಾವಿರಗಟ್ಟಲೆ ಇವತ್ತಿಗೂ ಉಳಿದಿವೆ, ಹೂವಿನ ಚಿತ್ರ ಇರೋ ಹತ್ತಿ ಬಟ್ಟೆ, ಹಾಳೆ ಮಧ್ಯೆ ಬೆಳಕು ಬೀಳದೆ ಬಣ್ಣಾನೂ ಮಾಸಿಲ್ಲ.

ಯುರೋಪಿನ ಕೆಲವು ಕಡೆ ಗೋಡೇಲಿ ತಿರುಗೋ ಪೆಟ್ಟಿಗೆ ಇರ್ತಿತ್ತು. ಹೊರಗಿಂದ ಮಗೂನ ಇಟ್ಟು ತಿರುಗಿಸಿ ಗಂಟೆ ಹೊಡೆದು ಕತ್ತಲಲ್ಲಿ ಹೊರಟುಹೋಗೋದು, ಒಳಗಿರೋರು ಎದ್ದು ಬಂದು ತಗೊಳ್ಳೋದು. ಇಟ್ಟವರ ಮುಖ ತಗೊಂಡವರು ನೋಡಲ್ಲ. ನಿಮ್ಮ ಕಟ್ಟಡದಲ್ಲಿ ಅಂಥದೊಂದು ಇದ್ದು ಯಾವಾಗ್ಲೋ ಇಟ್ಟಿಗೆ ಹಾಕಿ ಮುಚ್ಚಿದ್ರೆ, ಆ ಗಂಟೆ ಒಂದು ರಾತ್ರಿ ಹೊಡೆದ್ರೆ ಸಾಕು. ಬಾವಿ ಬೇಡ.

ಒಂಟಿದೀಪ:
ನಾನು ಸ್ವಲ್ಪ ಬೇರೆ ಥರ ಯೋಚಿಸ್ತೀನಿ. ಭೂತ ನಿಜಾನಾ ಸುಳ್ಳಾ ಅನ್ನೋದು ಕೊನೇವರೆಗೂ ತೂಗಾಡ್ಬೇಕು, ಅದೇ ಈ ಥರದ ಕಾದಂಬರಿಯ ಜೀವ. ಅದಕ್ಕೆ ಬೇಕಾದ ಸಾಮಾನು ನಿಜ ಜೀವನದಲ್ಲೇ ಇದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ವಿಷಯ ಬರೆದಿದ್ರು, ಹಳೇ ಮನೆಗೆ ಬಂದ್ಮೇಲೆ ಹೆಜ್ಜೆ ಸದ್ದು, ಎದೆ ಮೇಲೆ ಭಾರ, ಹಾಸಿಗೆ ಪಕ್ಕ ಯಾರೋ ನಿಂತ ಹಾಗೆ, ಮಕ್ಕಳು ದಿನಾ ಸೊರಗ್ತಾ ಹೋದ್ರು. ಕೊನೆಗೆ ನೋಡಿದ್ರೆ ಮನೆ ಬಿಸಿ ಮಾಡೋ ಕುಲುಮೆ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗ್ಯಾಸ್ ಒಳಗೆ ಸೋರ್ತಿತ್ತು. 1998ರಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್ ಬರೆದಿದ್ದು ಇನ್ನೊಂದು, ಲ್ಯಾಬಲ್ಲಿ ಕೂತಿದ್ದಾಗ ಕಣ್ಣಂಚಲ್ಲಿ ಬೂದು ಆಕೃತಿ ಕಾಣ್ತಿತ್ತು, ಹುಡುಕಿದ್ರೆ ಹೊಸ ಫ್ಯಾನ್ ಒಂದು ಸುಮಾರು 19 ಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 19 ಸಲ, ಕಂಪಿಸ್ತಿತ್ತು, ಕಿವಿಗೆ ಕೇಳದ ಶಬ್ದ.

ಬೆಟ್ಟದ ಮೇಲೆ, ಕಿಟಕಿ ಎಲ್ಲಾ ಮುಚ್ಚಿದ ಕಟ್ಟಡ, ನೆಲಮಾಳಿಗೇಲಿ ಹಳೇ ಬಾಯ್ಲರ್. ವಾರ್ಡನ್‌ಗೆ ತಲೆನೋವು. ಓದುಗ ಎರಡೂ ಕಡೆ ಅನುಮಾನ ಪಡ್ಲಿ.

ಹಾಳೆಹುಳು:
ಒಪ್ಪಲ್ಲ, ಕ್ಷಮಿಸಿ. ಮಾಹಿತಿ ಚೆನ್ನಾಗಿದೆ, ಬೇರೆ ಯಾವುದಾದ್ರೂ ಕಾದಂಬರಿಗೆ ಅದು ಹೊಂದುತ್ತೆ. ಆದ್ರೆ ಇಲ್ಲಿ 31 ಮಕ್ಕಳ ಜೀವನಾನೇ ಯಾರೂ ನಂಬದೇ ಇರೋದು. ಅವು ಹೇಳಿದ್ದು ಯಾವುದನ್ನೂ ದೊಡ್ಡೋರು ನಂಬಿಲ್ಲ. ಕೊನೇಲಿ ಲೇಖಕರೂ ಬಂದು ಗ್ಯಾಸ್ ಇರ್ಬಹುದು ಅಂದ್ರೆ ಆ ಮಕ್ಕಳಿಗೆ ಇನ್ನೊಂದ್ಸಲ ಅದೇ ಆಗುತ್ತೆ. ಭೂತ ಇದೆ ಅಂತ ಗಟ್ಟಿಯಾಗಿ ನಂಬಿ ಬರೀರಿ.

ಒಂಟಿದೀಪ:
ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಯೋಚನೆ ಮಾಡ್ತೀನಿ. ಬಾಯ್ಲರ್ ವಿಷಯ ವಾರ್ಡನ್ ಬಾಯಲ್ಲಿ ಬರ್ಲಿ ಹಾಗಾದ್ರೆ, ಅವಳು ಅದನ್ನ ಹಿಡ್ಕೊಂಡು ತನಗೆ ತಾನೇ ಸಮಾಧಾನ ಹೇಳ್ಕೊಳ್ಳಕ್ಕೆ.

ಹದಿನೇಳನೇಮಂಚ:
ಇಲ್ಲಿ ಬರೀ ಓದಕ್ಕೆ ಬರ್ತೀನಿ, ಬರೆಯೋದು ಇದೇ ಮೊದಲು. ನಾನು ಆರನೇ ವಯಸ್ಸಿಂದ ಹತ್ತನೇ ವಯಸ್ಸಿನವರೆಗೆ ಇಂಥ ಒಂದು ಕಡೆ ಬೆಳೆದೋಳು. ಎಲ್ಲಿ ಅಂತ ಹೇಳಲ್ಲ. ಅಲ್ಲಿ ಯಾರೂ ರಾಕ್ಷಸರಾಗಿರಲಿಲ್ಲ, ಸುಸ್ತಾಗಿರೋ ಮನುಷ್ಯರು ಅಷ್ಟೆ.

ನನ್ನ ಮಂಚದ ನಂಬರ್ 17. ಟವೆಲ್ ಮೇಲೂ 17, ತಟ್ಟೆ ಹಿಂದೆ ಮೊಳೇಲಿ ಕೆರೆದು 17. ಬೆಳಗ್ಗೆ ಕರೀವಾಗ ಹೆಸರೇ ಕರೀತಿದ್ರು, ಆದ್ರೆ ಬಟ್ಟೆ ಒಗೆದು ಬಂದಾಗ ನಂಬರ್. ನಮ್ಮಲ್ಲಿ ಒಂದಷ್ಟು ಮಕ್ಕಳು ರಾತ್ರಿ ಮಲಗಿದ ಜಾಗದಲ್ಲೇ ತಮ್ಮನ್ನ ತಾವು ತೂಗ್ಕೋತಿದ್ರು, ತಲೆ ಆ ಕಡೆ ಈ ಕಡೆ, ಕಬ್ಬಿಣದ ಮಂಚ ಕಿರ್ ಕಿರ್ ಅಂತ ಒಂದೇ ಲಯದಲ್ಲಿ. ಹೊಸಬರು ಅದಕ್ಕೆ ಹೆದರೋರು. ನಮಗೆ ಅದು ಇಲ್ದಿದ್ರೇ ನಿದ್ದೆ ಬರ್ತಿರಲಿಲ್ಲ. ಅದಕ್ಕೇ ನಡುರಾತ್ರಿ ಅವರು ಪೂರ್ತಿ ನಿಶ್ಶಬ್ದ ಅಂದಿದ್ದು ಶಿಶುಗಳಿಗೆ ಸರಿ ಇರ್ಬಹುದು, ಸ್ವಲ್ಪ ದೊಡ್ಡ ಮಕ್ಕಳಿರೋ ಕಡೆ ಆ ಕಿರ್ ಕಿರ್ ಇರ್ಲಿ. ಅದು ನಿಂತಾಗ ಭಯ.

ಭೂತ ಇತ್ತಾ ಅಂದ್ರೆ, ಇತ್ತು ಅಂತಾನೇ ನಂಬಿದ್ವಿ. ಯಾರನ್ನಾದ್ರೂ ದತ್ತು ತಗೊಂಡು ಹೋದ್ರೆ ಆ ಮಂಚ ಕೆಲವು ದಿನ ಖಾಲಿ ಇರೋದು. ಆ ದಿನಗಳಲ್ಲಿ ರಾತ್ರಿ ಅಲ್ಲಿ ಯಾರೋ ಬಂದು ಮಲಗ್ತಾರೆ ಅಂತ ನಮ್ಮ ನಮ್ಮಲ್ಲೇ ಮಾತು. ಇಂಥ ಕಥೆಗಳಲ್ಲಿ ಮಕ್ಕಳು ಅದಕ್ಕೆ ಹೆದರಿ ಕಿರುಚ್ತಾರೆ. ನಾವು ಕಿರುಚ್ಲಿಲ್ಲ. ನಾವು ಆ ಮಂಚದ ಮೇಲೆ ದಿಂಬು ಸರಿಮಾಡಿ ಇಡ್ತಿದ್ವಿ, ಹೊದಿಕೆ ಮಡಿಸಿ ಕಾಲ ಕಡೆ ಹಾಕ್ತಿದ್ವಿ, ರಾತ್ರಿ ಚಳಿ ಆದ್ರೆ ಎಳ್ಕೊಳ್ಲಿ ಅಂತ. ದೊಡ್ಡೋರಿಗೆ ಹೇಳ್ತಿರಲಿಲ್ಲ. ಹೇಳಿದ್ರೆ ಓಡಿಸಿಬಿಡ್ತಾರೆ ಅಂತ. ಯಾರಿಗೂ ಬೇಡವಾದ್ದನ್ನ ಎಲ್ಲಿಗೆ ಓಡಿಸ್ತಾರೆ ಅನ್ನೋದು ನಮಗೆ ಚೆನ್ನಾಗಿ ಗೊತ್ತಿತ್ತು.

ನನಗೆ ನಿಜವಾಗ್ಲೂ ಹೆದರಿಕೆ ಆಗ್ತಿದ್ದಿದ್ದು ಭಾನುವಾರ. ಮಕ್ಕಳನ್ನ ನೋಡಕ್ಕೆ ಜನ ಬರೋರು. ಸಾಲಾಗಿ ನಿಲ್ಲಿಸೋರು. ನನ್ನ ಪಕ್ಕದೋಳ ಹತ್ರ ನಿಂತು ಮಾತಾಡಿಸಿ, ನನ್ನನ್ನ ದಾಟಿ, ಆ ಕಡೆಯೋಳ ಹತ್ರ ಹೋಗೋರು. ಅವರ ಕಣ್ಣು ನನ್ನ ಮೇಲಿಂದ ಹಾದುಹೋಗೋ ಆ ಒಂದು ಕ್ಷಣ, ನಾನಿಲ್ಲಿ ಇದೀನಾ ಇಲ್ವಾ ಅಂತ ಅನುಮಾನ ಬರೋದು. ಕೈ ಚಿವುಟ್ಕೊಂಡು ನೋಡ್ಕೊಂಡಿದೀನಿ ಎಷ್ಟೋ ಸಲ.

ಇಷ್ಟೇ. ಬಳಸ್ಕೊಳ್ಳಿ ಬೇಕಾದ್ರೆ.

ನಡುರಾತ್ರಿ:
ಬರೆದಿದ್ದಕ್ಕೆ ತುಂಬಾ ಧನ್ಯವಾದ. ಆ ತೂಗಾಟ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಬರುತ್ತೆ, ಯಾರೂ ತೂಗದಿದ್ದಾಗ ಮಗು ತನ್ನನ್ನ ತಾನೇ ತೂಗಿಕೊಳ್ಳೋದು. ನೀವು ಹೇಳಿದ್ದು ಸರಿ, ನಾನು ನಿಶ್ಶಬ್ದದ ಬಗ್ಗೆ ಹೇಳಿದ್ದು ಎಳೇ ಕೂಸುಗಳಿಗೆ.

ಮಸಿಬೆರಳು:
ಹದಿನೇಳನೇಮಂಚ ಅವರೇ, ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿಮ್ಮ ಪೋಸ್ಟ್ ಮೂರು ಸಲ ಓದಿದೆ. ನಾನು ಇಡೀ ಕಾದಂಬರೀನ ತಪ್ಪು ಕಡೆಯಿಂದ ಬರೀತಿದ್ದೆ. ಮಕ್ಕಳು ಭೂತಕ್ಕೆ ಹೆದರ್ತಾರೆ ಅಂತ ಅಂದ್ಕೊಂಡಿದ್ದೆ. ಮಕ್ಕಳು ಅದನ್ನ ಬಚ್ಚಿಡ್ತಾರೆ! ಅವು ವಾರ್ಡನ್ ಎಣಿಸುವಾಗ ಬೇಕಂತಲೇ ಜಾಗ ಬದಲಾಯಿಸ್ತವೆ, ಕೆಮ್ಮುತ್ತವೆ, ಎದ್ದು ಬಾತ್‌ರೂಮಿಗೆ ಹೋಗ್ತವೆ, ಎಣಿಕೆ ತಪ್ಪಲಿ ಅಂತ. ಅದಕ್ಕೇ ಒಂದ್ಸಲ 32, ಒಂದ್ಸಲ 31.

ಆದ್ರೆ ಈಗ ಇನ್ನೊಂದು ತೊಂದರೆ. ಮಕ್ಕಳಿಗೆ ಅದು ಸ್ನೇಹಿತ ಅಂದ್ಮೇಲೆ ಇದು ಹಾರರ್ ಆಗಿ ಹೇಗೆ ಉಳಿಯುತ್ತೆ? ಆ ಭೂತಕ್ಕೆ ಏನು ಬೇಕು?

ಹಾಳೆಹುಳು:
ಅಲ್ಲಿರೋ ಎಲ್ಲಾ ಮಕ್ಕಳಿಗೆ ಏನು ಬೇಕೋ ಅದೇ. ಯಾರಾದ್ರೂ ತನ್ನನ್ನ ಲೆಕ್ಕಕ್ಕೆ ತಗೊಳ್ಳೋದು. ರಕ್ತ ಬೇಡ, ಸೇಡು ಬೇಡ, ರಿಜಿಸ್ಟರಲ್ಲಿ ಒಂದು ಹೆಸರು ಬೇಕು ಅದಕ್ಕೆ.

ಗೋಡೆಗಡಿಯಾರ:
ರಿಜಿಸ್ಟರ್ ಅಂದ ತಕ್ಷಣ ಹೊಳೀತು. ಇಂಥ ಸಂಸ್ಥೆಗಳಿಗೆ ಮಂಜೂರಾದ ಸಂಖ್ಯೆ ಅಂತ ಒಂದಿರುತ್ತೆ. ನಿಮ್ಮಲ್ಲಿ ಅದು 31 ಇರ್ಲಿ. ಪುಟದಲ್ಲಿ ಗೆರೆ ಹಾಕಿರೋದೇ 31 ಸಾಲು. 32ನೇ ಮಗೂಗೆ ಊಟ ಇಲ್ಲ, ಮಂಚ ಇಲ್ಲ, ಸಾಲಿಲ್ಲ. ಆ ಲಂಡನ್ ಚೀಲದ ಚೆಂಡಿನ ಲೆಕ್ಕಾನೇ ಇದೂ, ಒಬ್ಬರು ಒಳಗೆ ಬಂದ್ರೆ ಇನ್ನೊಬ್ಬರು ಹೊರಗೆ. ವಾರ್ಡನ್ ಕರುಣೆಯಿಂದ ಅದರ ಹೆಸರು ಬರೆದ್ರೆ?

ಒಂಟಿದೀಪ:
ಬೆಳಗ್ಗೆ ಎಣಿಸಿದ್ರೆ 31 ಬರುತ್ತೆ. ಸರಿಯಾಗೇ ಇದೆ. ಆದ್ರೆ ಅದು ನಿನ್ನೆಯ 31 ಅಲ್ಲ.

ನಡುರಾತ್ರಿ:
ಅಯ್ಯೋ. ಯಾವ ಮಗು ಹೋಯ್ತು ಅಂತ ವಾರ್ಡನ್‌ಗೆ ನೆನಪೇ ಬರಲ್ಲ. ಟವೆಲ್ ಇದೆ, ತಟ್ಟೆ ಇದೆ, ನಂಬರ್ ಇದೆ, ಆ ನಂಬರಿನ ಮುಖ ಇಲ್ಲ. ಓದುಗನಿಗೆ ಮಾತ್ರ ನೆನಪಿರುತ್ತೆ, ಯಾಕಂದ್ರೆ ಆ ಮಗೂನ ಹೆಸರು ಹಿಂದಿನ ಅಧ್ಯಾಯದಲ್ಲಿ ಓದಿರ್ತಾನೆ. ಅದಕ್ಕಾದ್ರೂ 31 ಮಕ್ಕಳಿಗೂ ಹೆಸರು ಕೊಡ್ಲೇಬೇಕು ನೀವು.

ಮಸಿಬೆರಳು:
ನಾಲ್ಕು ದಿನ ಆಯ್ತು, ಬಂದಿರಲಿಲ್ಲ. 70 ಪುಟದಲ್ಲಿ 52 ಪುಟ ತೆಗೆದುಹಾಕಿದೆ. ಬಾವಿ ಇಲ್ಲ, ಕೂದಲಿಲ್ಲ, ಮುಖ್ಯಸ್ಥ ಈಗ ಲೆಕ್ಕ ಸರಿ ಇರ್ಲಿ ಅಂತ ಒದ್ದಾಡೋ ವಯಸ್ಸಾದ ಮನುಷ್ಯ. 31 ಹೆಸರು ಬರೆದು ಮೇಜಿನ ಮುಂದೆ ಅಂಟಿಸಿದೀನಿ, ಪ್ರತಿಯೊಂದಕ್ಕೂ ಒಂದೊಂದು ಅಭ್ಯಾಸ. ಬಸವಿ ಉಗುರು ಕಚ್ತಾಳೆ. ಚೆಲುವ ಮಲಗೋ ಮುಂಚೆ ಚಪ್ಪಲಿ ದಿಂಬಿನ ಕೆಳಗೆ ಇಟ್ಕೋತಾನೆ, ಯಾರಾದ್ರೂ ಕರ್ಕೊಂಡು ಹೋಗಕ್ಕೆ ಬಂದ್ರೆ ಹುಡುಕೋ ಹಾಗಾಗ್ಬಾರ್ದು ಅಂತ.

ಒಂದು ಚೂರು ಹಾಕ್ತಿದೀನಿ, ಹೇಳಿ:

"ಮಂಚಗಳು ಕಿರುಗುಟ್ಟೋದು ನಿಂತಾಗ ಅವಳು ತಲೆ ಎತ್ತಿದಳು. ಸಾಲಿನ ಕೊನೆಯ ಮಂಚದ ಮೇಲೆ ಹೊದಿಕೆ ನಿಧಾನವಾಗಿ ಮೇಲಕ್ಕೆ ಸರಿಯಿತು, ಚಳಿಯಾದ ಮಗು ನಿದ್ದೆಯಲ್ಲಿ ಎಳೆದುಕೊಂಡ ಹಾಗೆ. ಅದರ ಕೆಳಗೆ ಏನೂ ಉಬ್ಬಿರಲಿಲ್ಲ. ಪಕ್ಕದ ಮಂಚದಿಂದ ಬಸವಿ ಪಿಸುಗುಟ್ಟಿದಳು, ಅದು ಏನೂ ಮಾಡಲ್ಲ ಅಕ್ಕಾ, ಅದಕ್ಕೆ ಹೆಸರಿಲ್ಲ ಅಷ್ಟೆ.

ಅವಳು ರಿಜಿಸ್ಟರ್ ತೆರೆದಳು. ಮೂವತ್ತೊಂದು ಸಾಲು, ಮೂವತ್ತೊಂದು ಹೆಸರು. ಕೊನೆಯ ಸಾಲಿನ ಕೆಳಗೆ ಬೆರಳಗಲ ಬಿಳಿ ಜಾಗ. ಅಲ್ಲಿ ಬರೆದರೆ ಯಾರಿಗೇನು ನಷ್ಟ. ಪೆನ್ನಿನ ಮುಚ್ಚಳ ತೆಗೆದಳು. ಏನಂತ ಬರೀಲಿ, ಅಂತ ಕತ್ತಲಿಗೆ ಕೇಳಿದಳು. ಮೂವತ್ತೊಂದು ಮಕ್ಕಳೂ ಒಟ್ಟಿಗೆ ಒಂದು ಹೆಸರು ಹೇಳಿದವು, ಮೊದಲೇ ಮಾತಾಡಿಕೊಂಡಿದ್ದ ಹಾಗೆ. ಅವಳು ಬರೆದಳು. ಮಸಿ ಒಣಗೋ ಮುಂಚೆ, ಎಲ್ಲೋ ಮಧ್ಯದ ಸಾಲಿನಲ್ಲಿ, ಒಂದು ಜೊತೆ ಚಪ್ಪಲಿ ನೆಲಕ್ಕೆ ಬಿದ್ದ ಸದ್ದಾಯಿತು."

ಹಾಳೆಹುಳು:
ಚೆಲುವ.

ನಡುರಾತ್ರಿ:
ಚಪ್ಪಲಿ ಸದ್ದು ಓದಿ ಎದ್ದು ಲೈಟ್ ಹಾಕಿದೆ. ಭೂತಕ್ಕಲ್ಲ, ಆ ಹುಡುಗನಿಗೆ.

ಹದಿನೇಳನೇಮಂಚ:
ಪೂರ್ತಿ ಓದಿದೆ. ಒಂದೇ ಒಂದು ಕೇಳ್ತೀನಿ, ವಾರ್ಡನ್ ಕೈಲಿರೋ ಪೆನ್ನಿನ ಬಣ್ಣ ಯಾವುದು? ನಮ್ಮಲ್ಲಿ ಬಂದವರ ಹೆಸರು ನೀಲೀಲಿ ಬರೀತಿದ್ರು, ಹೋದವರ ಹೆಸರ ಮೇಲೆ ಕೆಂಪಲ್ಲಿ ಗೀಟು ಹಾಕ್ತಿದ್ರು. ಬೆಳಗ್ಗೆ ಅವಳು ರಿಜಿಸ್ಟರ್ ತೆಗೆದಾಗ ಮಧ್ಯದಲ್ಲೊಂದು ಕೆಂಪು ಗೀಟು ಇರ್ಲಿ, ಅವಳ ಹತ್ರ ಇದ್ದಿದ್ದು ನೀಲಿ ಪೆನ್ನು ಒಂದೇ.